ನೆಗೆಟಿವ್ ಎಲ್ಲಿದೆ? ಹಳೇ ಕ್ಯಾಮೆರಾ ಹಿಡಿದು ಊರು ಸುತ್ತುವುದರ ರಾಜಕೀಯ

"ಮೊಬೈಲ್‌ನಲ್ಲೇ ಇದಕ್ಕಿಂತ ಚೆನ್ನಾಗಿ ಬರುತ್ತಲ್ಲ, ಇನ್ಯಾಕೆ ಈ ಹಳೇ ಡಬ್ಬ?"

ಬಸ್ಸಲ್ಲಿ, ಟೀ ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಜೇಬಲ್ಲಿರುವ ಫೋನು ಕತ್ತಲಲ್ಲೂ ಫೋಟೋ ತೆಗೆಯುತ್ತೆ, ತಕ್ಷಣ ತೋರಿಸುತ್ತೆ, ಖರ್ಚಿಲ್ಲ. ನನ್ನ ಕ್ಯಾಮೆರಾದಲ್ಲಿ ಪರದೆ ಇಲ್ಲ, ಮೆಮೊರಿ ಕಾರ್ಡ್ ಇಲ್ಲ, ಒಂದು ರೀಲಿಗೆ 36 ಫೋಟೋ, ಅದೂ ಹೇಗೆ ಬಂದಿದೆ ಅಂತ ಗೊತ್ತಾಗೋದು ವಾರದ ನಂತರ. ಹಾಗಿದ್ದರೂ ಊರು ಸುತ್ತಲು ಹೊರಟಾಗ ನಾನು ಇದನ್ನೇ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಇದಕ್ಕೆ ‘ಹಳೆಯ ಕಾಲದ ಮೋಹ’ ಎಂಬ ಉತ್ತರ ನನಗೆ ಸಾಲುವುದಿಲ್ಲ. ಮೋಹಕ್ಕಿಂತ ಗಟ್ಟಿಯಾದ ಕಾರಣಗಳಿವೆ. ಅವುಗಳಲ್ಲಿ ಕೆಲವು ತಾಂತ್ರಿಕ, ಕೆಲವು ನೇರವಾಗಿ ರಾಜಕೀಯ. ಎರಡನ್ನೂ ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡುತ್ತೇನೆ.

ಮೊದಲಿಗೆ ಒಂದು ಪದದ ಬಗ್ಗೆ. ಇವತ್ತು ‘ರೀಲ್’ ಅಂದ್ರೆ ಇನ್‌ಸ್ಟಾಗ್ರಾಂ. ಆದರೆ ನಮ್ಮ ಅಪ್ಪ-ಅಮ್ಮಂದಿರಿಗೆ ರೀಲ್ ಅಂದ್ರೆ ಕ್ಯಾಮೆರಾ ಒಳಗೆ ಹಾಕುವ ಫಿಲ್ಮ್ ಸುರುಳಿ. ‘ರೀಲ್ ತೊಳೆಸೋದು’ ಅಂದ್ರೆ ಸ್ಟುಡಿಯೋಗೆ ಕೊಟ್ಟು ಫೋಟೋ ಮಾಡಿಸೋದು. ಅದೇ ಕಾಲದಲ್ಲಿ ‘ರೀಲ್ ಬಿಡೋದು’ ಅಂದ್ರೆ ಸುಳ್ಳು ಹೇಳೋದು ಅಂತಲೂ ಆಯ್ತು. ಒಂದೇ ಪದದಲ್ಲಿ ಸಾಕ್ಷಿಯೂ ಇದೆ, ಸುಳ್ಳೂ ಇದೆ. ಈ ಲೇಖನದ ವಿಷಯವೂ ಸುಮಾರು ಅದೇ.

ಮೊದಲು ದುಡ್ಡಿನ ಲೆಕ್ಕ

ಇದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸರಿಯಲ್ಲ. ಒಂದು ಕಲರ್ ರೀಲಿಗೆ ಈಗ ಸಾವಿರ ರೂಪಾಯಿ ಆಸುಪಾಸು. ತೊಳೆಸಿ ಸ್ಕ್ಯಾನ್ ಮಾಡಿಸಲು ಇನ್ನೊಂದು 500 ಇಟ್ಟುಕೊಳ್ಳಿ. ಒಟ್ಟು 1500 ರೂಪಾಯಿ. 36ರಿಂದ ಭಾಗಿಸಿದರೆ ಒಂದು ಕ್ಲಿಕ್ಕಿಗೆ 40 ರೂಪಾಯಿಗಿಂತ ಹೆಚ್ಚು. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ದಿನಗೂಲಿ 370 ರೂಪಾಯಿ. ಅಂದರೆ ಒಂದು ರೀಲಿನ ಖರ್ಚು ಒಬ್ಬ ಕೂಲಿಕಾರ್ಮಿಕರ ನಾಲ್ಕು ದಿನದ ದುಡಿಮೆ. ಇದು ‘ಸರಳ ಜೀವನ’ದ ಹವ್ಯಾಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸರಳವಾಗಿರುವುದು ಕ್ಯಾಮೆರಾ ಮಾತ್ರ.

ಇಷ್ಟು ದುಬಾರಿ ಆಗಿದ್ದಕ್ಕೂ ಒಂದು ಕತೆ ಇದೆ. ಒಂದು ಕಾಲದಲ್ಲಿ ಭಾರತವೇ ಫಿಲ್ಮ್ ತಯಾರಿಸುತ್ತಿತ್ತು. ಊಟಿಯಲ್ಲಿ ಸಾರ್ವಜನಿಕ ವಲಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿ 1960ರಲ್ಲಿ ಸ್ಥಾಪನೆಯಾಗಿ, 1967ರಲ್ಲಿ ಉತ್ಪಾದನೆ ಶುರುಮಾಡಿತು. ಅದರ ಬ್ರ್ಯಾಂಡ್ ಹೆಸರು ‘ಇಂದು’. ಕಪ್ಪು-ಬಿಳುಪು ಫಿಲ್ಮಿನ ಜೊತೆಗೆ ಆಸ್ಪತ್ರೆಗಳಿಗೆ ಬೇಕಾದ ಎಕ್ಸ್‌ರೇ ಫಿಲ್ಮನ್ನೂ ಅದು ತಯಾರಿಸುತ್ತಿತ್ತು. 90ರ ದಶಕದಲ್ಲಿ ರೋಗಗ್ರಸ್ತ ಅನ್ನಿಸಿಕೊಂಡು, ಆಮೇಲೆ ಬಾಗಿಲು ಮುಚ್ಚಿತು. ಕನ್ನಡದಲ್ಲಿ ‘ಇಂದು’ ಅಂದರೆ ಚಂದ್ರನೂ ಹೌದು, ಇವತ್ತೂ ಹೌದು. ಇವತ್ತು ನಮ್ಮ ಕೈಗೆ ಸಿಗುವ ರೀಲುಗಳು ಬರೋದು ಅಮೆರಿಕ, ಇಂಗ್ಲೆಂಡ್, ಜೆಕ್ ಗಣರಾಜ್ಯಗಳಂಥ ದೇಶಗಳಿಂದ. ಡಾಲರ್ ಏರಿದರೆ ನಮ್ಮ ಕ್ಲಿಕ್ಕಿನ ಬೆಲೆಯೂ ಏರುತ್ತೆ.

ಫಿಲ್ಮ್ ಅಂದರೇನು ಅನ್ನೋದನ್ನೂ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ತೆಳುವಾದ ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಲವಣದ ಕಣಗಳು. ಬೆಳಕು ತಾಗಿದ ಕಣಗಳಲ್ಲಿ ಕಣ್ಣಿಗೆ ಕಾಣದ ಒಂದು ಬದಲಾವಣೆ ಆಗುತ್ತೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಆ ಕಣಗಳು ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ತಾಗದೇ ಉಳಿದ ಕಣಗಳನ್ನು ಫಿಕ್ಸರ್ ತೊಳೆದು ತೆಗೆಯುತ್ತೆ. ಸ್ಟುಡಿಯೋದವರು ಇದನ್ನು ‘ಹೈಪೋ’ ಅಂತ ಕರೆಯುತ್ತಿದ್ದರು. ಇಲ್ಲಿ ಬೆಳಕಿದ್ದ ಕಡೆ ಕಪ್ಪು, ಕತ್ತಲಿದ್ದ ಕಡೆ ಪಾರದರ್ಶಕ. ಅದಕ್ಕೇ ಅದು ನೆಗೆಟಿವ್. ಜೆಲಟಿನ್ ಬರೋದು ಮುಖ್ಯವಾಗಿ ದನದ ಮೂಳೆ ಮತ್ತು ಚರ್ಮದಿಂದ. ನಮ್ಮ ದೇಶದ ಎಷ್ಟೋ ಮದುವೆ ಆಲ್ಬಂಗಳು, ಮಠಗಳ ಪಟ್ಟಾಭಿಷೇಕದ ಫೋಟೋಗಳು ಇದೇ ಪದರದ ಮೇಲೆ ಮೂಡಿದವು ಅನ್ನೋದನ್ನ ಗೋವಿನ ಹೆಸರಲ್ಲಿ ಬೀದಿಗಿಳಿಯುವವರು ಒಮ್ಮೆ ನೆನಪಿಸಿಕೊಂಡರೆ ಒಳ್ಳೆಯದು.

ಮೂರು ತಿರುವು, ಒಂದು ಮುಳ್ಳು

ನನ್ನ ಹತ್ತಿರ ಇರೋದು ಪೆಂಟಾಕ್ಸ್ ಕೆ1000. ದಾವಣಗೆರೆಯಲ್ಲಿ ಸ್ಟುಡಿಯೋ ಮುಚ್ಚಿದ ಹಿರಿಯರೊಬ್ಬರಿಂದ ಕೊಂಡದ್ದು. 1976ರಿಂದ 1997ರವರೆಗೆ ತಯಾರಾದ ಈ ಮಾಡೆಲ್ ಜಗತ್ತಿನ ಸಾವಿರಾರು ಫೋಟೋಗ್ರಫಿ ವಿದ್ಯಾರ್ಥಿಗಳ ಮೊದಲ ಕ್ಯಾಮೆರಾ. ಇದರಲ್ಲಿ ಬ್ಯಾಟರಿ ಬೇಕಾಗೋದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ಕೆಲಸ ಮಾಡುತ್ತೆ, ಯಾಕಂದ್ರೆ ಒಳಗಿರೋದು ಸ್ಪ್ರಿಂಗು, ಗೇರು, ಬಟ್ಟೆಯ ಪರದೆ.

ಕಲಿಯಬೇಕಾದ್ದು ಮೂರೇ ವಿಷಯ. ಒಂದು, ಫಿಲ್ಮಿನ ವೇಗ, ಅಂದರೆ ಐಎಸ್‌ಒ. ಅದು ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತೆ ಅನ್ನೋ ಅಳತೆ. ರೀಲ್ ಹಾಕಿದ ಮೇಲೆ ಇದನ್ನು ಬದಲಿಸುವ ಹಾಗಿಲ್ಲ. 36 ಮುಗಿಯುವವರೆಗೆ ಅದೇ. ಎರಡು, ಅಪರ್ಚರ್. ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋದು. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಮೂರು, ಶಟರ್ ವೇಗ. ಕಿಂಡಿ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು. ಕೆ1000ರಲ್ಲಿ ಒಂದು ಸೆಕೆಂಡಿನಿಂದ ಸೆಕೆಂಡಿನ 1000ನೇ ಒಂದು ಭಾಗದವರೆಗೆ ಇದೆ. ಕಣ್ಣಿಟ್ಟು ನೋಡಿದರೆ ಬಲಗಡೆ ಒಂದು ಮುಳ್ಳು ಕಾಣುತ್ತೆ. ಅದು ಮಧ್ಯಕ್ಕೆ ಬರುವವರೆಗೆ ಅಪರ್ಚರ್ ಅಥವಾ ಶಟರ್ ತಿರುಗಿಸಬೇಕು. ಅಷ್ಟೇ.

ಮೀಟರ್ ಇಲ್ಲದಿದ್ದರೂ ಒಂದು ಹಳೆಯ ಸೂತ್ರ ಇದೆ. ನೆತ್ತಿ ಸುಡುವ ಬಿಸಿಲಿದ್ದಾಗ ಅಪರ್ಚರ್ 16ಕ್ಕೆ ಇಡಿ, ಶಟರ್ ವೇಗವನ್ನು ಫಿಲ್ಮಿನ ಐಎಸ್‌ಒಗೆ ಹತ್ತಿರ ಇಡಿ. 400 ಐಎಸ್‌ಒ ಆದರೆ 500ನೇ ಒಂದು ಭಾಗ. ತೆಳು ಮೋಡ ಇದ್ದರೆ ಅಪರ್ಚರ್ 11ಕ್ಕೆ, ದಟ್ಟ ಮೋಡಕ್ಕೆ 8ಕ್ಕೆ, ಮರದ ನೆರಳಿಗೆ 5.6 ಅಥವಾ 4ಕ್ಕೆ ತನ್ನಿ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಈ ಸೂತ್ರ ಮೀಟರ್‌ಗಿಂತ ಏನೂ ಕಡಿಮೆಯಲ್ಲ.

ರೀಲ್ ಹಾಕುವಾಗ ನೋಡಬೇಕಾದ್ದು ಒಂದೇ: ಮುಂದಕ್ಕೆ ತಿರುಗಿಸುವ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗುತ್ತಿದೆಯಾ? ತಿರುಗಿದರೆ ಫಿಲ್ಮ್ ಸರಿಯಾಗಿ ಸಿಕ್ಕಿಕೊಂಡಿದೆ ಅಂತ ಅರ್ಥ. ತಿರುಗದಿದ್ದರೆ ನೀವು ಖಾಲಿ ಶಟರ್ ಒತ್ತುತ್ತಾ ಊರೆಲ್ಲಾ ಸುತ್ತುತ್ತೀರಿ. ಇನ್ನೊಂದು, ಈ ಮಾಡೆಲ್‌ನ ಮೀಟರ್‌ಗೆ ಆಫ್ ಸ್ವಿಚ್ ಇಲ್ಲ. ಬಳಸದಿದ್ದಾಗ ಲೆನ್ಸಿನ ಮುಚ್ಚಳ ಹಾಕಿಡಿ. ಕತ್ತಲಲ್ಲಿ ಮೀಟರ್ ಸುಮ್ಮನಾಗುತ್ತೆ, ಬ್ಯಾಟರಿ ಉಳಿಯುತ್ತೆ.

ಮೀಟರ್‌ಗೆ ಯಾವ ಬಣ್ಣ ಗೊತ್ತು?

ಇಲ್ಲಿಂದ ತಾಂತ್ರಿಕತೆಯೊಳಗೆ ರಾಜಕೀಯ ನುಸುಳುತ್ತೆ. ಮೀಟರ್‌ಗೆ ಮನುಷ್ಯ, ಗೋಡೆ, ಆಕಾಶ ಅಂತ ಭೇದ ಗೊತ್ತಿಲ್ಲ. ಎದುರಿಗಿರೋದೆಲ್ಲ ಸರಾಸರಿ ಒಂದು ಮಧ್ಯಮ ಬೂದು ಬಣ್ಣ ಅಂತ ಅದು ಅಂದುಕೊಳ್ಳುತ್ತೆ. ಸುಣ್ಣ ಬಳಿದ ಬಿಳಿ ಗೋಡೆಯ ಮುಂದೆ ಕಪ್ಪು ಮೈಬಣ್ಣದ ಒಬ್ಬ ಮನುಷ್ಯ ನಿಂತಿದ್ದಾರೆ ಅಂದುಕೊಳ್ಳಿ. ಮೀಟರ್ ಗೋಡೆಯನ್ನು ನೋಡಿ ‘ಬೆಳಕು ಜಾಸ್ತಿ’ ಅನ್ನುತ್ತೆ. ನೀವು ಅದರ ಮಾತು ಕೇಳಿದರೆ ಗೋಡೆ ಚೆನ್ನಾಗಿ ಬರುತ್ತೆ, ಮುಖ ಕತ್ತಲಲ್ಲಿ ಮುಳುಗುತ್ತೆ.

ಕಲರ್ ಫಿಲ್ಮಿನ ಇತಿಹಾಸವೂ ಹೀಗೇ. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲು ಒಂದು ಮಾದರಿ ಫೋಟೋ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಒಬ್ಬ ಬಿಳಿ ಮಹಿಳೆ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಅಂತಲೇ ಹೆಸರು ಬಿತ್ತು. ಆ ಮುಖ ಸರಿಯಾಗಿ ಬಂದರೆ ಬಣ್ಣ ಸರಿ ಇದೆ ಅಂತ ಲೆಕ್ಕ. ಬೇರೆ ಮೈಬಣ್ಣದವರ ಮುಖದ ವಿವರ ಅಳಿಸಿಹೋದರೆ ಅದು ಲೆಕ್ಕಕ್ಕಿರಲಿಲ್ಲ. ಈ ಬಗ್ಗೆ ಸಂಶೋಧನೆ ಮಾಡಿದ ಕೆನಡಾದ ಲೋರ್ನಾ ರಾತ್ ಒಂದು ಕಹಿ ಸತ್ಯವನ್ನು ದಾಖಲಿಸಿದ್ದಾರೆ: ಕಂದು ಬಣ್ಣದ ಛಾಯೆಗಳನ್ನು ಫಿಲ್ಮ್ ಸರಿಯಾಗಿ ಹಿಡಿಯುವಂತೆ ಮಾಡಲು ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳೂ ಇದ್ದವು. ಅವರಿಗೆ ತಮ್ಮ ಜಾಹೀರಾತಿನಲ್ಲಿ ಚಾಕೊಲೇಟಿನ ಬಣ್ಣ ಸರಿಯಾಗಿ ಬರಬೇಕಿತ್ತು. ಬೇರೆ ಬೇರೆ ಮೈಬಣ್ಣದವರು ಇರುವ ಕಾರ್ಡುಗಳು ಬಳಕೆಗೆ ಬರುವ ಹೊತ್ತಿಗೆ 90ರ ದಶಕ ಬಂದಿತ್ತು.

ಇದಕ್ಕೆ ಕೈಯಲ್ಲೇ ಪರಿಹಾರ ಇದೆ, ಅಕ್ಷರಶಃ. ನೀವು ಫೋಟೋ ತೆಗೆಯುವ ವ್ಯಕ್ತಿಯ ಮೇಲೆ ಬೀಳುತ್ತಿರುವ ಬೆಳಕಲ್ಲೇ ನಿಮ್ಮ ಅಂಗೈ ಹಿಡಿಯಿರಿ. ಅಂಗೈ ತುಂಬ ಕಾಣುವಷ್ಟು ಹತ್ತಿರದಿಂದ ಮೀಟರ್ ಓದಿ. ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು ಬೆಳಕು ಕೊಡಿ. ಮೈಬಣ್ಣ ಯಾವುದೇ ಇರಲಿ, ನಮ್ಮೆಲ್ಲರ ಅಂಗೈಗಳ ನಡುವೆ ಅಷ್ಟೊಂದು ವ್ಯತ್ಯಾಸ ಇಲ್ಲ. ನೆಗೆಟಿವ್ ಫಿಲ್ಮ್ ಬೆಳಕು ಸ್ವಲ್ಪ ಜಾಸ್ತಿ ಆದರೆ ತಡೆದುಕೊಳ್ಳುತ್ತೆ, ಕಡಿಮೆ ಆದರೆ ಕ್ಷಮಿಸಲ್ಲ. ನೆರಳಲ್ಲಿ ಕಳೆದುಹೋದ ಮುಖವನ್ನು ಆಮೇಲೆ ಯಾವ ಸ್ಕ್ಯಾನರೂ ವಾಪಸ್ ತರಲ್ಲ.

ಫೋನು ಇದನ್ನೆಲ್ಲಾ ತಾನೇ ಮಾಡುತ್ತೆ ನಿಜ. ಆದರೆ ಅದರ ತೀರ್ಮಾನ ಯಾರದು? ಮುಖವನ್ನು ಎಷ್ಟು ಬೆಳ್ಳಗೆ ಮಾಡಬೇಕು, ಚರ್ಮವನ್ನು ಎಷ್ಟು ನುಣುಪು ಮಾಡಬೇಕು ಅನ್ನೋದನ್ನ ಯಾವುದೋ ಕಂಪನಿಯ ಕೋಡ್ ನಿರ್ಧರಿಸುತ್ತೆ. ಮ್ಯಾನುಯಲ್ ಕ್ಯಾಮೆರಾ ಆ ತೀರ್ಮಾನವನ್ನು ನಮ್ಮ ಕೈಗೆ ಕೊಡುತ್ತೆ. ಜವಾಬ್ದಾರಿಯೂ ನಮ್ಮದೇ.

ಹಂಪಿ: ಚೌಕಟ್ಟಿನ ಒಳಗೆ ಯಾರು, ಹೊರಗೆ ಯಾರು?

ಹೊಸಪೇಟೆಗೆ ರಾತ್ರಿ ರೈಲು, ಅಲ್ಲಿಂದ ಹಂಪಿಗೆ ಲೋಕಲ್ ಬಸ್ಸು. ಹಳೇ ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಯಾಕಂದ್ರೆ ಫೋಟೋಗ್ರಫಿ ಹುಟ್ಟಿ ಇನ್ನೂ 20 ವರ್ಷ ಆಗುವ ಮೊದಲೇ ಹಂಪಿಯನ್ನು ನೆಗೆಟಿವ್‌ನಲ್ಲಿ ಹಿಡಿದಿಟ್ಟವರಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಇಲ್ಲಿ 60ಕ್ಕೂ ಹೆಚ್ಚು ಫೋಟೋ ತೆಗೆದರು. ಮೇಣ ಸವರಿದ ಕಾಗದದ ಮೇಲೆ, ಒಂದೊಂದೂ ಗೋಡೆ ಕ್ಯಾಲೆಂಡರಿನಷ್ಟು ದೊಡ್ಡ ನೆಗೆಟಿವ್. ಅವು ಸುಮಾರು 120 ವರ್ಷ ಮರೆವಿನಲ್ಲಿದ್ದು ಮತ್ತೆ ಬೆಳಕಿಗೆ ಬಂದವು. ಆಮೇಲೆ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅದೇ ಜಾಗಗಳಲ್ಲಿ ನಿಂತು ಅದೇ ಕೋನಗಳಲ್ಲಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಪುರ ರಿಪೇರಿಯಾಯ್ತು ಅಂತ ಲೆಕ್ಕ ಹಾಕಬಹುದು. ನೆಗೆಟಿವ್ ಉಳಿದರೆ ಇತಿಹಾಸಕ್ಕೆ ಏನು ಸಿಗುತ್ತೆ ಅನ್ನೋದಕ್ಕೆ ಇದೇ ಉದಾಹರಣೆ.

ಆದರೆ ಕಲ್ಲಿನ ಬಗ್ಗೆ ಇಷ್ಟು ಖಚಿತವಾಗಿ ಹೇಳಬಲ್ಲ ನಾವು ಮನುಷ್ಯರ ಬಗ್ಗೆ ಹೇಳಬಲ್ಲೆವಾ? ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರಿನ ಕಲ್ಲು ಮಂಟಪಗಳಲ್ಲಿ ದಶಕಗಳ ಕಾಲ ಜನ ಮನೆ ಮಾಡಿಕೊಂಡಿದ್ದರು, ಅಂಗಡಿ ಇಟ್ಟಿದ್ದರು. 2011ರ ಜುಲೈ ಕೊನೆಯಲ್ಲಿ ಜೆಸಿಬಿಗಳು ಬಂದು ಅವನ್ನು ತೆರವು ಮಾಡಿದವು. ಸ್ಮಾರಕ ಉಳಿಸಬೇಕು ಅನ್ನೋ ವಾದಕ್ಕೂ ಅರ್ಥ ಇದೆ, ಬದುಕು ಕಳೆದುಕೊಂಡವರ ಪ್ರಶ್ನೆಗೂ ಅರ್ಥ ಇದೆ. ನಾನು ಹೇಳೋದು ಬೇರೆ. ಈಗ ಆ ಬೀದಿ ಖಾಲಿ. ಅಲ್ಲಿಗೆ ಬರುವ ನಾವೆಲ್ಲ ಖಾಲಿ ಮಂಟಪಗಳ ಸಾಲನ್ನು ‘ಯಾರೂ ಅಡ್ಡ ಬರದ ಹಾಗೆ’ ತೆಗೆದು, ಇದೇ ವಿಜಯನಗರ ಅಂತ ಹಂಚಿಕೊಳ್ಳುತ್ತೇವೆ. ಚೌಕಟ್ಟಿನಿಂದ ಜನರನ್ನು ಹೊರಗಿಡೋದು ಪ್ರವಾಸಿ ಫೋಟೋಗ್ರಫಿಯ ಮೊದಲ ಪಾಠ. ಆಡಳಿತ ಜೆಸಿಬಿಯಲ್ಲಿ ಮಾಡಿದ್ದನ್ನು ನಾವು ವ್ಯೂಫೈಂಡರಿನಲ್ಲಿ ಮಾಡುತ್ತೇವೆ.

ಇದರ ಎದುರು ತುದಿಯೂ ಅಷ್ಟೇ ಅಪಾಯ. ಬ್ರಿಟಿಷ್ ಆಡಳಿತ 1868ರಿಂದ 1875ರ ನಡುವೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟಗಳನ್ನು ಹೊರತಂದಿತು. 1857ರ ದಂಗೆಯ ನಂತರ ಆಳಬೇಕಾದವರನ್ನು ಅರಿಯುವ ತವಕ ಅದು. ಜಾತಿ, ಬುಡಕಟ್ಟು ಅಂತ ವಿಂಗಡಿಸಿ, ಜನರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ, ಕೆಳಗೆ ಅವರ ‘ಸ್ವಭಾವ’ ಬರೆದರು. ಇವತ್ತು ಲಂಬಾಣಿ ಉಡುಪಿನ ಅಜ್ಜಿಯ ಸುಕ್ಕುಗಟ್ಟಿದ ಮುಖವನ್ನು ದೂರದಿಂದ ಜೂಮ್ ಮಾಡಿ ಹಿಡಿದು, ಹೆಸರೂ ಕೇಳದೆ ‘ಗ್ರಾಮೀಣ ಸೊಬಗು’ ಅಂತ ಹಾಕುವವರು ಅದೇ ಸಂಪುಟದ ಒಂಬತ್ತನೇ ಭಾಗ ಬರೆಯುತ್ತಿದ್ದಾರೆ.

ಹಳೇ ಕ್ಯಾಮೆರಾ ಇದನ್ನು ತಾನಾಗಿಯೇ ತಪ್ಪಿಸುತ್ತೆ ಅಂತ ಹೇಳಲ್ಲ. ಆದರೆ ಅದು ಅಡ್ಡಗಾಲು ಹಾಕುತ್ತೆ. ನನ್ನ 50 ಎಂಎಂ ಲೆನ್ಸಿಗೆ ಜೂಮ್ ಇಲ್ಲ. ಮುಖ ಬೇಕೆಂದರೆ ಮಾತನಾಡುವಷ್ಟು ಹತ್ತಿರ ಹೋಗಬೇಕು. ಮೀಟರ್ ಓದಬೇಕು, ಕೈಯಲ್ಲಿ ಫೋಕಸ್ ಮಾಡಬೇಕು. ಅಷ್ಟು ಹೊತ್ತು ಕಳ್ಳತನದಲ್ಲಿ ನಿಲ್ಲೋಕೆ ಆಗಲ್ಲ. ಮಾತು ಶುರುವಾಗಲೇಬೇಕು. ಕಮಲಾಪುರದ ಹತ್ತಿರ ಬಾಳೆಹಣ್ಣು ಮಾರುತ್ತಿದ್ದ ಹಿರಿಯ ಹೆಂಗಸೊಬ್ಬರು ಒಪ್ಪಿ ಫೋಟೋ ತೆಗೆಸಿಕೊಂಡ ಮೇಲೆ ಕೈ ಚಾಚಿದರು.

"ಎಲ್ಲೈತಿ, ತೋರ್ಸು ತಮ್ಮಾ."

"ಇದ್ರಾಗ ಈಗ್ಲೇ ಕಾಣಲ್ಲವ್ವ. ರೀಲ್ ತೊಳೆಸ್ಬೇಕು."

"ಹಂಗಂದ್ರ ನಮಗೆ ಸಿಗಂಗಿಲ್ಲ ಬಿಡು. ಬಂದವ್ರೆಲ್ಲ ತಗೊಂಡು ಹೋಗ್ತಾರ, ಒಬ್ರೂ ಕೊಟ್ಟಿಲ್ಲ."

ಫೋಟೋಗ್ರಫಿಯ ನೀತಿಯ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ನೇರವಾಗಿ ಹೇಳಿಲ್ಲ. ಇಂಗ್ಲಿಷಿನಲ್ಲಿ ಫೋಟೋ ‘ತೆಗೆದುಕೊಳ್ಳುವುದು’ ಅಂತಾರೆ, ನಾವು ಫೋಟೋ ‘ತೆಗೆಯುವುದು’ ಅಂತೀವಿ. ಎರಡರಲ್ಲೂ ಕೊಡುವುದು ಇಲ್ಲ. ಅಂಗಡಿ ಗುರುತು, ಊರಿನ ಅಂಚೆ ವಿಳಾಸ ಬರೆದುಕೊಂಡು ಬಂದೆ. ಎರಡು ಪ್ರಿಂಟ್ ಅಂಚೆಯಲ್ಲಿ ಹೋದವು. ಒಂದು ಪ್ರಿಂಟಿಗೆ ತಗಲುವ ಖರ್ಚು ಒಂದು ಟೀ-ಬನ್ನಿಗಿಂತ ಹೆಚ್ಚಲ್ಲ.

ಈ ಪರಂಪರೆ ನಮ್ಮಲ್ಲೇ ಇದೆ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ದೇಶ ಸುತ್ತಿ ಹಿಡಿದದ್ದು ಹೆಚ್ಚಾಗಿ ಸಾಮಾನ್ಯರನ್ನು, ಮಕ್ಕಳನ್ನು, ದಿನನಿತ್ಯದ ಬದುಕನ್ನು. ಫೋಟೋದಲ್ಲಿರುವವರನ್ನು ಮಾದರಿಗಳಂತೆ ನೋಡದೆ, ಪರಿಚಿತರಂತೆ ನೋಡಬಹುದು ಅನ್ನೋದನ್ನ ಅವರ ಕೆಲಸ ತೋರಿಸುತ್ತೆ.

ದಾರಿಯಲ್ಲಿ ರೀಲ್ ಕಾಪಾಡೋದು

ಫಿಲ್ಮಿಗೆ ಶತ್ರುಗಳು ಮೂರು: ಬಿಸಿ, ಧೂಳು, ಎಕ್ಸ್‌ರೇ.

ಬಿಸಿಗೆ ಫಿಲ್ಮಿನ ಬಣ್ಣ ಕೆಡುತ್ತೆ. ಬಸ್ಸಿನ ಎಂಜಿನ್ ಬಾನೆಟ್ ಮೇಲೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಯಾಗ್ ಇಡಲೇಬೇಡಿ. ರೀಲುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಬ್ಯಾಗಿನ ನಡುವೆ ಬಟ್ಟೆಗಳ ಮಧ್ಯೆ ಇಡಿ. ತೆಗೆದು ಮುಗಿಸಿದ ರೀಲನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳದೆ ಬೇಗ ತೊಳೆಸಿ. ಧೂಳು ನೆಗೆಟಿವ್ ಮೇಲೆ ಉದ್ದುದ್ದ ಗೀರು ಹಾಕುತ್ತೆ. ಗಾಳಿ ಬೀಸುವ ಬಯಲಲ್ಲಿ ರೀಲ್ ಬದಲಿಸಬೇಡಿ. ನೆರಳಿಗೆ ಬನ್ನಿ, ಗಾಳಿಗೆ ಬೆನ್ನು ಮಾಡಿ.

ವಿಮಾನದಲ್ಲಿ ಹೋಗುವುದಾದರೆ ಚೆಕ್-ಇನ್ ಬ್ಯಾಗಿನಲ್ಲಿ ಫಿಲ್ಮ್ ಹಾಕಲೇಬೇಡಿ, ಅಲ್ಲಿನ ಸ್ಕ್ಯಾನರ್ ತೀವ್ರವಾಗಿರುತ್ತೆ. ಕೈಚೀಲ ಪರೀಕ್ಷಿಸುವ ಹಳೇ ಮಾದರಿಯ ಯಂತ್ರದಲ್ಲಿ ಕಡಿಮೆ ಐಎಸ್‌ಒ ಫಿಲ್ಮ್ ಒಂದೆರಡು ಸಲ ಹೋದರೆ ತೊಂದರೆ ಇಲ್ಲ. ಆದರೆ ಹೊಸ ಸಿಟಿ ಸ್ಕ್ಯಾನರುಗಳು ಒಂದೇ ಸಲಕ್ಕೆ ಹಾಳು ಮಾಡಬಲ್ಲವು. ರೀಲುಗಳನ್ನು ಪಾರದರ್ಶಕ ಕವರಿನಲ್ಲಿ ಹಾಕಿ, "ಸರ್, ಇದು ಫಿಲ್ಮ್, ಕೈಯಲ್ಲೇ ಚೆಕ್ ಮಾಡಿ" ಅಂತ ಕೇಳಿ. ಒಪ್ಪುವುದು ಬಿಡುವುದು ಅಲ್ಲಿರುವ ಸಿಬ್ಬಂದಿಗೆ ಬಿಟ್ಟದ್ದು, ಹಾಗಾಗಿ ಸ್ವಲ್ಪ ಬೇಗ ಹೋಗಿ. ದಿನಾ ಮೆಟ್ರೋದಲ್ಲಿ ಓಡಾಡುವವರು ರೀಲನ್ನು ಬ್ಯಾಗಿನ ಬದಲು ಜೇಬಲ್ಲಿಡಿ. ಇನ್ನು, ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಬಹುದು. ಕತ್ತಲಲ್ಲಿ ಫಿಲ್ಮನ್ನು ಡೆವಲಪಿಂಗ್ ಟ್ಯಾಂಕಿಗೆ ಸುತ್ತಿ ಮುಚ್ಚಳ ಹಾಕಿದರೆ ಉಳಿದದ್ದು ಅಡುಗೆ ಮನೆಯ ಸಿಂಕಿನಲ್ಲೇ ಆಗುತ್ತೆ. ಸೂಚನೆಗಳೆಲ್ಲ ಇರೋದು 20 ಡಿಗ್ರಿ ನೀರಿಗೆ. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ ಅದಕ್ಕಿಂತ ಎಷ್ಟೋ ಬಿಸಿ. ಐಸ್ ಹಾಕಿದ ಪಾತ್ರೆಯೊಳಗೆ ದ್ರಾವಣದ ಬಾಟಲಿ ಇಟ್ಟು ತಂಪು ಮಾಡಿ, ಇಲ್ಲವೇ ತಾಪಮಾನದ ಪಟ್ಟಿ ನೋಡಿ ಸಮಯ ಕಡಿಮೆ ಮಾಡಿ. ಆದರೆ ಬಳಸಿದ ಫಿಕ್ಸರನ್ನು ಚರಂಡಿಗೆ ಚೆಲ್ಲಬೇಡಿ. ಅದರಲ್ಲಿ ಬೆಳ್ಳಿ ಕರಗಿರುತ್ತೆ, ನೀರಿನ ಜೀವಿಗಳಿಗೆ ಅದು ವಿಷ. ಬಾಟಲಿಯಲ್ಲಿ ಕೂಡಿಟ್ಟು ಲ್ಯಾಬಿಗೆ ಕೊಡಿ.

ಕೋರ್ಟು ಕೇಳಿದ್ದು ನೆಗೆಟಿವ್

ಈಗ ತಲೆಬರಹದ ಪ್ರಶ್ನೆಗೆ ಬರೋಣ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಅದರ ಹಿಂದಿನ ದಿನ ಅಯೋಧ್ಯೆಯಲ್ಲಿ ನಡೆದ ‘ರಿಹರ್ಸಲ್’ ಅನ್ನು ಫೋಟೋ ಪತ್ರಕರ್ತ ಪ್ರವೀಣ್ ಜೈನ್ ಫಿಲ್ಮಿನಲ್ಲಿ ಹಿಡಿದಿದ್ದರು. ಹಗ್ಗ, ಹಾರೆ ಹಿಡಿದು ಅಭ್ಯಾಸ ಮಾಡುತ್ತಿದ್ದ ಜನರ ಚಿತ್ರಗಳವು. ಅವರು ಪ್ರಕರಣದಲ್ಲಿ ಸಾಕ್ಷಿಯನ್ನೂ ಹೇಳಿದರು. 2020ರ ಸೆಪ್ಟೆಂಬರ್ 30ರಂದು ಲಕ್ನೋದ ವಿಶೇಷ ಸಿಬಿಐ ನ್ಯಾಯಾಲಯ ಎಲ್ಲಾ 32 ಆರೋಪಿಗಳನ್ನು ಖುಲಾಸೆ ಮಾಡಿತು. ಫೋಟೋಗಳನ್ನು ಸಾಕ್ಷ್ಯವಾಗಿ ಒಪ್ಪದಿರಲು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಒಂದು: ಅವುಗಳ ನೆಗೆಟಿವ್ ಹಾಜರುಪಡಿಸಿಲ್ಲ.

ಆ ತೀರ್ಪಿನ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಪಾಠ ಸ್ಪಷ್ಟ. ಪ್ರಿಂಟ್ ಒಂದು ಹೇಳಿಕೆ. ನೆಗೆಟಿವ್, ಘಟನೆ ನಡೆದ ಜಾಗದಲ್ಲಿ ಆ ಕ್ಷಣ ಇದ್ದ ವಸ್ತು. ಅಲ್ಲಿನ ಬೆಳಕೇ ಬಂದು ತಾಗಿದ ಬೆಳ್ಳಿ. ಪಟ್ಟಿಯಲ್ಲಿ ಹಿಂದಿನ ಫ್ರೇಮು, ಮುಂದಿನ ಫ್ರೇಮು ಕ್ರಮವಾಗಿ ಇರುತ್ತವೆ. ಅಂಚಿನಲ್ಲಿ ಕಂಪನಿಯೇ ಅಚ್ಚು ಹಾಕಿದ ಸಂಖ್ಯೆ ಇರುತ್ತೆ. ಮಧ್ಯದ್ದನ್ನು ಮಾತ್ರ ತಿದ್ದೋದು ಕಷ್ಟ.

ಹಾಗಂತ ಫಿಲ್ಮ್ ಸುಳ್ಳು ಹೇಳಲ್ಲ ಅಂತಲ್ಲ. ಸ್ಟಾಲಿನ್ ಕಾಲದಲ್ಲಿ ಬೇಡವಾದ ನಾಯಕರನ್ನು ಫೋಟೋಗಳಿಂದ ಅಳಿಸಿದ್ದು ಕಂಪ್ಯೂಟರ್ ಬರುವ ಎಷ್ಟೋ ಮೊದಲು. ಎಲ್ಲಿ ನಿಲ್ಲಬೇಕು, ಯಾರನ್ನು ಹೊರಗಿಡಬೇಕು ಅನ್ನೋ ಆಯ್ಕೆಯಲ್ಲೇ ಅರ್ಧ ಸುಳ್ಳು ಸಾಧ್ಯ. ಆದರೆ ಇವತ್ತು ಒಂದು ಸಾಲು ಟೈಪ್ ಮಾಡಿದರೆ ನಡೆಯದ ಗಲಭೆಯ ‘ಫೋಟೋ’ ತಯಾರಾಗುತ್ತೆ. ಇನ್ನೂ ಕೆಟ್ಟದ್ದು, ನಡೆದ ಗಲಭೆಯ ನಿಜವಾದ ಫೋಟೋವನ್ನೂ ‘ಎಐ ಕಣ್ರೀ’ ಅಂತ ತಳ್ಳಿಹಾಕಬಹುದು. ಇಂಥ ಹೊತ್ತಲ್ಲಿ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಬಹುದಾದ ಮೂಲಪ್ರತಿಗೆ ಬೆಲೆ ಇದೆ. 1943ರ ಬಂಗಾಳದ ಬರವನ್ನು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಾಗಿ ಸುನಿಲ್ ಜಾನಾ ಹಿಡಿದ ಚಿತ್ರಗಳು ಇವತ್ತಿಗೂ ಅಧಿಕಾರಸ್ಥರ ವಿವರಣೆಗಳ ಎದುರು ನಿಲ್ಲುತ್ತವೆ.

ಎಲ್ಲರೂ ಫೋನ್ ಬಿಟ್ಟು ಫಿಲ್ಮ್ ಹಿಡಿಯಿರಿ ಅಂತ ನಾನು ಹೇಳಲ್ಲ. ಪ್ರತಿಭಟನೆಯಲ್ಲಿ ಲಾಠಿ ಬೀಸುವುದನ್ನು ದಾಖಲಿಸಲು ಫೋನೇ ಬೇಕು; 36 ಫ್ರೇಮಿನ ಕ್ಯಾಮೆರಾ ಅಲ್ಲಿ ಸಾಲಲ್ಲ. ಅದೇ ಫೋನಿನ ಫೋಟೋಗೆ ಜಾಗ, ಸಮಯದ ಗುರುತು ಅಂಟಿಕೊಂಡಿರುತ್ತೆ, ಅದು ಪೊಲೀಸರಿಗೂ ಕಂಪನಿಗಳಿಗೂ ಸಿಗಬಹುದು ಅನ್ನೋದನ್ನೂ ಮರೆಯಬಾರದು. ಯಾವ ಕೆಲಸಕ್ಕೆ ಯಾವ ಸಾಧನ ಅನ್ನೋ ವಿವೇಕ ಬೇಕು, ಅಷ್ಟೆ.

ಟ್ರಂಕಿನಲ್ಲಿರುವ ಚಳವಳಿ

ಕ್ಯಾಮೆರಾ ಕೊಳ್ಳದೆಯೂ ನೀವು ಮಾಡಬಹುದಾದ ಕೆಲಸ ಒಂದಿದೆ, ನನಗದು ಎಲ್ಲಕ್ಕಿಂತ ಮುಖ್ಯ. 70ರ ದಶಕದ ದಲಿತ ಸಂಘರ್ಷ ಸಮಿತಿಯ ಸಭೆಗಳು, 1980ರ ನರಗುಂದ-ನವಲಗುಂದದ ರೈತ ಬಂಡಾಯ, 1982ರ ಗೋಕಾಕ್ ಚಳವಳಿ. ಇವೆಲ್ಲ ನಡೆದದ್ದು ರೀಲಿನ ಕಾಲದಲ್ಲಿ. ಯಾರೋ ಊರಿನ ಸ್ಟುಡಿಯೋದವರು, ಯಾರೋ ಕಾರ್ಯಕರ್ತರ ತಮ್ಮ, ಯಾರೋ ಕಾಲೇಜು ಮೇಷ್ಟ್ರು ಫೋಟೋ ತೆಗೆದಿರುತ್ತಾರೆ. ಆ ನೆಗೆಟಿವ್‌ಗಳು ಈಗ ಎಲ್ಲಿವೆ? ಯಾವುದೋ ಅಟ್ಟದ ಮೇಲಿನ ಟ್ರಂಕಿನಲ್ಲಿ, ಬೂಷ್ಟು ಹಿಡಿಯುತ್ತಾ. ಜೆಲಟಿನ್ ಅಂದರೆ ಬೂಷ್ಟಿಗೆ ಊಟ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಅದಕ್ಕೆ ಹಬ್ಬ. ಊರೂರಿನ ಸ್ಟುಡಿಯೋಗಳು ಮುಚ್ಚುತ್ತಿವೆ, ಮಕ್ಕಳಿಗೆ ಆ ಪಟ್ಟಿಗಳು ಏನೆಂದೇ ಗೊತ್ತಿಲ್ಲ, ಮನೆ ಬದಲಿಸುವಾಗ ಗುಜರಿಗೆ ಹೋಗುತ್ತವೆ.

ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ, ‘ಹಳೇ ನೆಗೆಟಿವ್ ಇದಾವಾ?’ ಅಂತ. ಸಿಕ್ಕರೆ ಬೆರಳು ತಾಗಿಸದೆ ಅಂಚು ಹಿಡಿದು ತೆಗೆಯಿರಿ. ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಒಣ ಕಾಗದದ ಲಕೋಟೆಗೆ ಹಾಕಿ, ತಂಪಾದ ಒಣ ಜಾಗದಲ್ಲಿಡಿ. ಸ್ಕ್ಯಾನರ್ ಇಲ್ಲದಿದ್ದರೆ ಚಿಂತೆಯಿಲ್ಲ: ಮೊಬೈಲ್ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಅದರಿಂದ ಸ್ವಲ್ಪ ಮೇಲೆ ನೆಗೆಟಿವ್ ಹಿಡಿದು, ಇನ್ನೊಂದು ಮೊಬೈಲಿನಲ್ಲಿ ಫೋಟೋ ತೆಗೆದು ಬಣ್ಣ ತಿರುಗು-ಮುರುಗು ಮಾಡಿದರೆ ಯಾರಿದ್ದಾರೆ ಅನ್ನೋದು ಗೊತ್ತಾಗುತ್ತೆ. ಆಮೇಲೆ ಆ ಹಿರಿಯರ ಪಕ್ಕ ಕೂತು ಹೆಸರು, ಊರು, ವರ್ಷ ಬರೆದುಕೊಳ್ಳಿ. ಹೆಸರಿಲ್ಲದ ಫೋಟೋ ಅರ್ಧ ಸಾಕ್ಷಿ ಮಾತ್ರ. ಆ ಹೆಸರು ಗೊತ್ತಿರುವವರು ಬಹಳ ದಿನ ನಮ್ಮ ಜೊತೆ ಇರಲ್ಲ.